ಧೋತ್ರಕ್ಕೆ ಒಗ್ಗುವ ಸೈಕಲ್ಲು

ದೇವರು ನಮ್ಮ ಭಾವನವರಿಗೆ ವಿದ್ಯೆ ಕೊಟ್ಟಿದ್ದ, ಸರ್ಕಾರಿ ನೌಕರಿ ಕೊಟ್ಟಿದ್ದ, ನಮ್ಮ ಅಕ್ಕನಂಥ ಹೆಂಡತಿಯನ್ನೂ ಕೊಟ್ಟಿದ್ದ. ಇಜಾರ ತೊಡುವ ಬುದ್ಧಿಯೊಂದನ್ನು ಕೊಡಲು ಮಾತ್ರ ಮರೆತುಬಿಟ್ಟ! ಆ ಒಂದು ಮರೆವಿನಿಂದ ನಾನು ಪಟ್ಟ ಪಾಡನ್ನು ಹೇಳಿಕೊಳ್ಳೋಣವೆಂದರೆ ಕೇಳಿದವರೆಲ್ಲ ನಗುತ್ತಾರೆ. ನಗಲಿ. ನೀವೂ ನಕ್ಕುಬಿಡಿ. ಅಳಬೇಕಾದದ್ದನ್ನೆಲ್ಲ ನಾನು ಆಗಲೇ ಅತ್ತು ಮುಗಿಸಿದ್ದೇನೆ.

ಭಾವನವರು ಯಾವ ವಸ್ತುವನ್ನೂ ಸುಮ್ಮನೆ ಕೊಂಡವರಲ್ಲ. ಒಂದು ಹಿತ್ತಾಳೆ ತಂಬಿಗೆಗಾಗಿ ಮೂರು ಸಂತೆ ತಿರುಗಿದರು. ಪ್ರತಿ ತಂಬಿಗೆಗೂ ನೀರು ತುಂಬಿಸಿ, ಬಗ್ಗಿಸಿ, ಧಾರೆ ಎಲ್ಲಿ ಬೀಳುತ್ತದೆಂದು ಕುಕ್ಕರಗಾಲಲ್ಲಿ ಕೂತು ನೋಡುವುದು. ಕೊನೆಗೆ ಮೋಕದ ಸಂತೆಯಲ್ಲಿ ಒಬ್ಬ ವ್ಯಾಪಾರಿ ಕೈಮುಗಿದು, "ಸ್ವಾಮ್ಯಾರೆ, ನೀವು ಸೀದಾ ಬಾವಿಗೆ ಹೋಗಿ ಬೊಗಸಿಲೆ ಕುಡೀರಿ. ನಮ್ಮ ತಂಬಿಗಿ ನಿಮಗ ಸಾಲಂಗಿಲ್ಲ," ಎಂದನಂತೆ. ಭಾವನವರು ಅದನ್ನು ಹೊಗಳಿಕೆಯೆಂದು ತಿಳಿದು ಮನೆಗೆ ಬಂದು ನಮಗೆಲ್ಲ ಹೇಳಿದರು! ಇಂಥವರು ಸೈಕಲ್ಲು ಕೊಳ್ಳಲು ಹೊರಟರೆ ಏನಾದೀತು, ನೀವೇ ಊಹಿಸಿ.

ಆಗ ಅವರು ಬಳ್ಳಾರಿಯ ಕಚೇರಿಯಲ್ಲಿ ಗುಮಾಸ್ತರು. ನಾನೂ ಅಲ್ಲಿಯೇ ಕಾಗದಪತ್ರಗಳ ನಕಲು ಬರೆಯುತ್ತಿದ್ದೆ. ಅಕ್ಕ, ಭಾವ, ನಾನು, ಮೂವರೂ ಕೋಟೆಯ ಕೆಳಗಿನ ಒಂದೇ ಮನೆಯಲ್ಲಿದ್ದೆವು. ರಾಣಿಯ ಮುಖದ ರೂಪಾಯಿ ನಡೆಯುತ್ತಿದ್ದ ಕಾಲ ಅದು. ದಂಡಿನಲ್ಲಿ, ಅಂದರೆ ಗೋರಾ ಸೈನ್ಯದ ಠಾಣ್ಯದಲ್ಲಿ, ದೊರೆಗಳು ಎರಡು ಗಾಲಿಯ ಮೇಲೆ ಕುಳಿತು ಹೋಗುವುದನ್ನು ನೋಡಲು ಜನ ತಲೆಯ ಮೇಲಿನ ಬುಟ್ಟಿ ಇಳಿಸಿ ನಿಲ್ಲುತ್ತಿದ್ದರು. ಒಂದು ದಿನ ಭಾವನವರಿಗೆ ವರ್ಗದ ಹುಕುಂ ಬಂತು. ಮೊದಲು ಸಿರುಗುಪ್ಪ ಎಂದಿತ್ತು. ಹೆಂಡತಿಗೆ ಮೈಯಲ್ಲಿ ನೆಟ್ಟಗಿಲ್ಲವೆಂದು ಅರ್ಜಿ ಹಾಕಿಕೊಂಡ ಮೇಲೆ ದೊಡ್ಡ ಮನಸ್ಸು ಮಾಡಿ ಕುರುಗೋಡಿಗೆ ಹಾಕಿದರು. ದೊಡ್ಡ ಮನಸ್ಸು ಎಂದರೆ ಹದಿನೇಳು ಮೈಲಿ!

ಅಕ್ಕನ ವಿಷಯ ಹೇಳದೆ ಮುಂದಕ್ಕೆ ಹೋಗುವಂತಿಲ್ಲ. ಹಿಂದಿನ ವರ್ಷದ ಜ್ವರ ಅವಳನ್ನು ಬಿಟ್ಟು ಹೋಗಿತ್ತು. ಹೋಗುವಾಗ ಮೈಯಲ್ಲಿದ್ದ ಕಸುವನ್ನೆಲ್ಲ ಹೊತ್ತುಕೊಂಡು ಹೋಗಿತ್ತು. ಬಳೆಗಳು ಮೊಳಕೈವರೆಗೆ ಜಾರುತ್ತಿದ್ದವು. ಬಂಡಿಯ ಕುಲುಕಾಟ ತಡೆಯುವ ಶಕ್ತಿ ಇರಲಿಲ್ಲವಾದ್ದರಿಂದ ಅವಳನ್ನು ಕುರುಗೋಡಿಗೆ ಕರೆದೊಯ್ಯುವ ಮಾತೇ ಇಲ್ಲ. ಡಾಕ್ಟರು ನಮ್ಮಿಬ್ಬರನ್ನು ಹೊರಗೆ ಕರೆದು, "ಔಷಧಿ ನಾ ಕೊಡ್ತೀನಿ. ಆದ್ರ ಈಕೀನ್ನ ಉಳಿಸೋದು ಅನ್ನ. ಎರಡು ಹೊತ್ತು, ಗಡಿಯಾರ ನೋಡಿ ಉಣ್ಣಬೇಕು. ಹೊತ್ತು ತಪ್ಪಿದ್ರ ಆಮ್ಯಾಲ ನನ್ನ ಕೇಳಬ್ಯಾಡ್ರಿ," ಎಂದಿದ್ದರು.

ಆದರೆ ಹೊತ್ತು ತಪ್ಪದಿರುವುದು ಹೇಗೆ? ಅಕ್ಕ ಹಳೆಯ ಪದ್ಧತಿಯವಳು. ಗಂಡ ಉಂಡು ಎದ್ದ ಎಲೆಯ ಮೇಲೆಯೇ ತಾನು ಬಡಿಸಿಕೊಂಡು ಉಣ್ಣಬೇಕು. ಮದುವೆಯಾದ ಹದಿನಾರು ವರ್ಷದಲ್ಲಿ ಒಂದು ಹೊತ್ತೂ ತಪ್ಪಿಸಿದವಳಲ್ಲ. ಗಂಡ ಪರಸ್ಥಳದಲ್ಲಿದ್ದರೆ? ಆಗ ಅವರು ಉಂಡ ಸುದ್ದಿಯಾದರೂ ಬರಬೇಕು. ಅಲ್ಲಿಯವರೆಗೆ ಒಂದು ಗುಟುಕು ನೀರು, ಒಂದು ಎಸಳು ತುಳಸಿ.

ಮೊದಲ ತಿಂಗಳು ಭಾವನವರು ಕುರುಗೋಡಿನಲ್ಲೇ ಒಂದು ಕೋಣೆ ಹಿಡಿದು ಕೈಯಾರೆ ಬೇಯಿಸಿಕೊಂಡು ಉಂಡರು. ಉಂಡು ಕೈ ತೊಳೆದ ಕೂಡಲೇ ಒಂದು ಚೀಟಿ ಬರೆಯುವುದು: "ಊಟವಾಯಿತು." ಅದನ್ನು ಬಳ್ಳಾರಿಗೆ ಹತ್ತಿ ಹೇರಿಕೊಂಡು ಬರುವ ಬಂಡಿಯವರ ಕೈಗೆ ಕೊಡುವುದು. ಬಂಡಿ ಮುಟ್ಟುವುದು ಮರುದಿನ ಮಧ್ಯಾಹ್ನ. ಹೀಗೆ ಅಕ್ಕ ಸೋಮವಾರದ ರಾತ್ರಿಯ ಊಟವನ್ನು ಮಂಗಳವಾರ ಮಧ್ಯಾಹ್ನ ಉಣ್ಣುತ್ತಿದ್ದಳು. ಒಮ್ಮೆ ಬಂಡಿಯ ಅಚ್ಚು ಮುರಿದು ಎರಡು ದಿನ ಚೀಟಿಯೇ ಬರಲಿಲ್ಲ. ನಾನು ಕೂಗಾಡಿದೆ.

"ಅಕ್ಕಾ, ಭಾವ ಉಂಡೇ ಉಂಡಿರ್ತಾರ. ಅವ್ರು ಊಟ ಬಿಡೋ ಪೈಕಿ ಅಲ್ಲ!"

"ನೀ ನೋಡಿದಿ?"

"ನೋಡಿಲ್ಲ."

"ಮತ್ತ?" ಎಂದು ಕೇಳಿ ಗೋಡೆಗೆ ಒರಗಿ ಕಣ್ಣು ಮುಚ್ಚಿದಳು.

ಶನಿವಾರ ಮನೆಗೆ ಬಂದ ಭಾವನವರು ಇದನ್ನು ಕೇಳಿ ಉರಿದೆದ್ದು, "ಹೊತ್ತಿಗೆ ಸರಿಯಾಗಿ ಉಣ್ಣಬೇಕು. ಇದು ನನ್ನ ಅಪ್ಪಣಿ!" ಎಂದು ಗದರಿದರು. ಅಕ್ಕ ಮೆಲ್ಲಗೆ, "ಹದಿನಾರು ವರ್ಷದಾಗ ನಿಮ್ಮ ಯಾವ ಮಾತು ಮೀರೀನ್ರಿ? ಇದೊಂದ ಮೀರ್ತೀನಿ, ಬಿಡ್ರಿ," ಎಂದಳು. ಭಾವನವರು ಆ ರಾತ್ರಿ ಉಂಡು ಬೇಗ ಎದ್ದರು. ಮರುದಿನ ಬೆಳಿಗ್ಗೆ ನನ್ನನ್ನು ಕರೆದು, "ಲೇ, ದಿನಾ ಸಂಜಿಗೆ ನಾ ಮನಿಗೆ ಬರಬೇಕು. ಸೈಕಲ್ಲು ತೊಗೋತೀನಿ," ಎಂದರು. ನನಗೂ ಸರಿಯೆನಿಸಿತು. ಅದೇ ನನ್ನ ತಪ್ಪು.

ದಂಡಿನ ದೊರೆಗಳು ಮಾರಿಬಿಟ್ಟ ಸೈಕಲ್ಲುಗಳು ಸಿಗುತ್ತಿದ್ದುದು ಕೌಲ್ ಬಜಾರಿನಲ್ಲಿ ಜಟಕಾ ರಿಪೇರಿ ಮಾಡುವ ಒಬ್ಬ ಸಾಹೇಬರ ಬಳಿ. ಸಾಹೇಬರು ಭಾವನವರನ್ನು ಮೇಲಿನಿಂದ ಕೆಳಗೆ ನೋಡಿದರು. ರುಮಾಲು, ಮೊಣಕಾಲು ಮುಟ್ಟುವ ಕೋಟು, ಹೆಗಲಮೇಲೆ ಶಲ್ಯ, ಪಾದ ಮುಚ್ಚುವ ಕಚ್ಚೆ ಧೋತ್ರ.

"ಸ್ವಾಮ್ಯಾರೆ, ಮೊದಲು ಒಂದು ಇಜಾರ ಹೊಲಿಸ್ರಿ. ಆಮ್ಯಾಲ ಯಾವ ಸೈಕಲ್ಲಾದ್ರೂ ನಡೀತೈತಿ."

"ದಿನಾ ಉಡೋ ಅರಿವಿ ಇದು. ಇದ್ರಾಗ ಕಚೇರಿಗೆ ಹೋಗಬೇಕು, ಇದ್ರಾಗ ಮನಿಗೆ ಬರಬೇಕು. ಸೈಕಲ್ಲಿಗೆ ಸಲುವಾಗಿ ನಾ ವೇಷ ಹಾಕಬೇಕೇನ್ರಿ? ನನ್ನ ಸಲುವಾಗಿ ಸೈಕಲ್ಲು ಇರಬೇಕು!"

"ಅಂಥ ಸೈಕಲ್ಲು ವಿಲಾಯತಿನಾಗೂ ಇಲ್ರಿ."

"ಹುಡುಕೂಣು," ಎಂದರು ಭಾವನವರು. ತಂಬಿಗೆಗೆ ಮೂರು ಸಂತೆ ತಿರುಗಿದ ಮನುಷ್ಯ! ನಾನು ಅಲ್ಲಿಯೇ ಬಿದ್ದಿದ್ದ ಜಟಕಾ ಗಾಲಿಯ ಮೇಲೆ ಕುಸಿದು ಕೂತೆ.

ಮೊದಲು ಮನೆಗೆ ಬಂದದ್ದು ದೊಡ್ಡ ಗಾಲಿಯದು. ನೀವು ಅದನ್ನು ನೋಡಿರಲಿಕ್ಕಿಲ್ಲ. ಮುಂದಿನ ಗಾಲಿ ಆಳೆತ್ತರ, ಹಿಂದಿನದು ರೊಟ್ಟಿಯ ಹೆಂಚಿನಷ್ಟು. ಕೂರುವುದು ದೊಡ್ಡ ಗಾಲಿಯ ನೆತ್ತಿಯ ಮೇಲೆ. "ಅಷ್ಟು ಎತ್ತರಕ್ಕ ಕೂತ್ರ ಧೋತ್ರಕ್ಕ ಧೂಳು ಹತ್ತಂಗಿಲ್ಲ," ಎಂಬುದು ಭಾವನವರ ಲೆಕ್ಕ. ಏರಿದ್ದು ನಮ್ಮ ಮನೆಯ ಜಗುಲಿಯಿಂದ. ಏರಿ ಹೊರಟೂಬಿಟ್ಟರು! ಬೀದಿಯ ತುದಿ ಮುಟ್ಟಿ, ತಿರುಗಿ ಬಂದು, ಮತ್ತೆ ತುದಿ ಮುಟ್ಟಿ, ಮತ್ತೆ ಬಂದರು. ಮೂರನೆಯ ಸಲ ಹಾದು ಹೋಗುವಾಗ, "ಲೇ, ಇಳಿಯೋದು ಹ್ಯಾಂಗೋ?" ಎಂದು ಕೂಗಿದರು. ಏರಲು ಜಗುಲಿ ಬೇಕಾದವರಿಗೆ ಇಳಿಯಲೂ ಜಗುಲಿ ಬೇಕು ಎಂಬುದು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ. ಕೊನೆಗೆ ಗುಡಿಯ ಮುಂದಿನ ಬೇವಿನ ಕೊಂಬೆ ಕೈಗೆ ಸಿಕ್ಕಿತು. ಭಾವನವರು ಕೊಂಬೆಯಲ್ಲಿ ಉಳಿದರು, ಸೈಕಲ್ಲು ಅವರ ಶಲ್ಯವನ್ನು ಸುತ್ತಿಕೊಂಡು ಮುಂದೆ ಹೋಯಿತು. ಕೆಳಗಿಳಿಸಿದ ಮೇಲೆ ನೋಡಿದರೆ ಗಂಭೀರವಾಗಿ ಏನನ್ನೋ ಎಣಿಸುತ್ತಿದ್ದಾರೆ. ಬಳ್ಳಾರಿಯಿಂದ ಕುರುಗೋಡಿನವರೆಗೆ ದಾರಿಯಲ್ಲಿ ಎಷ್ಟು ಕಟ್ಟೆಗಳಿವೆ ಎಂದು!

ಎರಡನೆಯದಕ್ಕೆ ಸಿರುಗುಪ್ಪಕ್ಕೇ ಹೋಗಬೇಕಾಯಿತು. ಅಲ್ಲಿ ಕಾಲುವೆ ಕೆಲಸದ ಓವರ್ಸಿಯರ್ ಒಬ್ಬರ ಬಳಿ ಮೂರು ಗಾಲಿಯದು ಇದೆಯೆಂದು ಯಾರೋ ಹೇಳಿದ್ದರು. ಬಂಡಿ ಕಟ್ಟಿಸಿಕೊಂಡು ಹೋದೆವು. ಅದೂ ಇತ್ತು, ಅಗಲವಾಗಿ, ಉಯ್ಯಾಲೆಯ ಮಣೆಯಂಥ ಪೀಠದೊಂದಿಗೆ. ಧೋತ್ರ ಎಲ್ಲಿಯೂ ಸಿಕ್ಕಲಿಲ್ಲ, ಬೀಳುವ ಭಯವಿಲ್ಲ. "ಇದೇ!" ಎಂದರು ಭಾವನವರು. ಪರೀಕ್ಷೆಗಾಗಿ ಬಳ್ಳಾರಿಯವರೆಗೆ ಅದರಲ್ಲೇ ಬರುವುದೆಂದಾಯಿತು. ನಾನು ಬಂಡಿಯಲ್ಲಿ, ಅವರು ಗಾಡಿಯಲ್ಲಿ. ಎರಡು ಮೈಲಿಗೆ ಬಂಡಿ ಮುಂದಾಯಿತು. ನಾಲ್ಕು ಮೈಲಿಗೆ ಅವರು ಕಾಣದಾದರು. ತಿರುಗಿ ಹೋಗಿ ನೋಡಿದರೆ ಬೆವರಿನಲ್ಲಿ ರುಮಾಲು ಒದ್ದೆಯಾಗಿ ದಾರಿಯ ನಡುವೆ ಕೂತಿದ್ದಾರೆ. ಒಂದು ಕಾಲು ಒತ್ತಲು ಆನೆಯ ಬಲ ಬೇಕು ಆ ಯಂತ್ರಕ್ಕೆ. ಬಂಡಿಯವನಿಗೆ ಅಯ್ಯೋ ಎನಿಸಿ, "ಅದನ್ನ ಬಂಡಿಗೆ ಕಟ್ಟಿಬಿಡ್ರಿ ಸ್ವಾಮ್ಯಾರೆ, ಎತ್ತು ಎಳೀತಾವ," ಎಂದ. ಕಟ್ಟಿದೆವು. ಭಾವನವರು ಇಳಿಯಲಿಲ್ಲ! ಹಿಂದಿನಿಂದ ಗಂಟೆ ಬಾರಿಸುತ್ತ, "ಸಾವಕಾಶಪಾ, ನನ್ನ ಗಾಡಿ ಭಾಳ ಜೋರು ಹೊಂಟದ!" ಎನ್ನುತ್ತಿದ್ದರು. ಊರು ಮುಟ್ಟಿದಾಗ ಮರುದಿನ ದೀಪ ಹಚ್ಚಿ ಬಹಳ ಹೊತ್ತಾಗಿತ್ತು. ಒಳಗೆ ಅಕ್ಕ ಮುಚ್ಚಿಟ್ಟ ಪಾತ್ರೆಗಳ ಮುಂದೆ ಕೂತೇ ಇದ್ದಳು. ಆ ಹೊತ್ತು ನನಗೆ ನಗು ಬರಲಿಲ್ಲ.

ಮೂರನೆಯದು ಸಾಹೇಬರ ಅಂಗಡಿಯದೇ. ಎರಡೂ ಗಾಲಿ ಸಮ, ನಡುವೆ ಸರಪಳಿ, ಮೇಲೆ ಅಡ್ಡಕ್ಕೆ ಒಂದು ಕಬ್ಬಿಣದ ಕೊಳವೆ. ಆ ಕೊಳವೆ ದಾಟಿಸಿ ಕಾಲು ಹಾಕಬೇಕಾದರೆ ಕಚ್ಚೆ ಬಿಚ್ಚುತ್ತಿತ್ತು, ಕಚ್ಚೆ ಕಟ್ಟಬೇಕಾದರೆ ಇಳಿಯಬೇಕಾಗಿತ್ತು. ಅಂತೂ ಏರಿದರು. ಪೇಟೆಯ ನಡುವೆ, ನಾಲ್ಕು ದಾರಿ ಕೂಡುವಲ್ಲಿ, ಸರಪಳಿ ಧೋತ್ರದ ಅಂಚನ್ನು ಹಿಡಿಯಿತು. ಹಿಡಿದದ್ದು ಬಿಡಲಿಲ್ಲ! ಒಂದು ಸುತ್ತಿಗೆ ಒಂದು ಗೇಣು ಒಳಗೆ. ಭಾವನವರು ನಿಂತರು. ಮುಂದೆ ತುಳಿದರೆ ಧೋತ್ರ ಹೋಗುತ್ತದೆ, ಹಿಂದೆ ತುಳಿದರೆ ಹರಿಯುತ್ತದೆ, ಇಳಿದು ನಡೆದರೆ ಮಾನವೇ ಹೋಗುತ್ತದೆ. ಜನ ಸೇರಿದರು. ಒಬ್ಬ ತೆಲುಗಿನವನು "ಅಯ್ಯೋ ಪಾಪಂ!" ಎಂದ. ಇನ್ನೊಬ್ಬ, "ಬಿಡಿಸಬ್ಯಾಡ್ರಿ, ಉಂಡು ತೀರಿಸ್ಲಿ," ಎಂದ. ನಾನು ನಾಚಿಕೆಯಿಂದ ಸಾಯುತ್ತಿದ್ದರೆ ಈ ಮಹಾರಾಯರು ನಿಂತಲ್ಲಿಂದಲೇ ಬಗ್ಗಿ ನೋಡಿ, "ಚಕ್ರದ ಹಲ್ಲು ಸಣ್ಣವು ಇದ್ದಿದ್ರ ಹಿಡೀತಿರಲಿಲ್ಲ ನೋಡು," ಎಂದು ನನಗೆ ವಿವರಿಸಿದರು! ನನ್ನ ಅಂಗವಸ್ತ್ರ ಸುತ್ತಿಕೊಂಡು ಮನೆಗೆ ಬಂದರು. ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ ಎನ್ನುತ್ತಾರಲ್ಲ, ಆ ಪೋರನಿಗೆ ನಲವತ್ತು ದಾಟಿತ್ತು.

ನಾನು ಆ ದಿನ ಬಾಯಿಗೆ ಬಂದಂತೆ ಅಂದುಬಿಟ್ಟೆ. "ಭಾವ, ನಿಮ್ಮ ಧೋತ್ರ ದೊಡ್ಡದೋ ಅಕ್ಕನ ಜೀವ ದೊಡ್ಡದೋ? ಒಂದು ಇಜಾರ ತೊಟ್ಟರೆ ನಿಮ್ಮ ಗಂಟು ಹೋಗ್ತದೇನ್ರಿ?"

ಅವರಿಗೆ ಕೋಪ ಬರಲಿಲ್ಲ. "ಹೊಲಿಸೀನಲೇ," ಎಂದರು. ನನಗೆ ಆಶ್ಚರ್ಯವಾಯಿತು. "ಹೋದ ತಿಂಗಳ ಹೊಲಿಸಿ, ತೊಟ್ಟು, ನಿಮ್ಮಕ್ಕನ ಮುಂದ ನಿಂತೆ. ಆಕಿ ಅತ್ಲು. ನಾ ಉಣ್ಣದಿದ್ರ ತಾ ಉಣ್ಣಂಗಿಲ್ಲ ಅಂದದ್ದಕ್ಕ ಗಂಡ ತುರಕರ ಅರಿವಿ ತೊಡೋ ಹಾಂಗಾತು ಅಂತ ಅತ್ಲು. ಅತ್ತು ಅವತ್ತೂ ಉಣ್ಣಲಿಲ್ಲ." "ಹುಡುಕೂಣು," ಎಂದರು ಮತ್ತೆ.

ದೇವರು ಇಜಾರದ ಬುದ್ಧಿ ಕೊಡಲಿಲ್ಲವೆಂದು ಮೊದಲಿಗೆ ಬರೆದೆನಲ್ಲ, ಅದರಲ್ಲಿ ದೇವರ ತಪ್ಪು ಅಷ್ಟೇನೂ ಇರಲಿಲ್ಲ.

ಮುಂದಿನ ವಾರ ಸಾಹೇಬರೇ ಹೇಳಿ ಕಳಿಸಿದರು. ಅಂಗಡಿಯ ಹಿಂದಿನ ಕೋಣೆಗೆ ಕರೆದು, ಬಾಗಿಲು ಅರ್ಧ ಮುಚ್ಚಿ, "ಒಂದು ಐತಿ. ಆದ್ರ ಅದು ಏನಂತ ನೀವು ಕೇಳಬಾರ್ದು, ನಾ ಹೇಳಬಾರ್ದು," ಎಂದರು. ಗೋಣಿ ಸರಿಸಿದರೆ ಹಸಿರು ಬಣ್ಣದ ಸೈಕಲ್ಲು. ಅಡ್ಡ ಕೊಳವೆ ಇಲ್ಲ. ನಡುವೆ ತಗ್ಗು, ಹೊಸ್ತಿಲು ದಾಟಿದಂತೆ ಕಾಲು ಹಾಕಬಹುದು. ಸರಪಳಿಗೆ ಪೂರ್ತಿ ತಗಡಿನ ಮುಚ್ಚಳ. ಹಿಂದಿನ ಗಾಲಿಯ ಎರಡೂ ಮಗ್ಗುಲಿಗೆ ದಾರದ ಸಣ್ಣ ಬಲೆ. ಭಾವನವರು ತಮ್ಮ ಧೋತ್ರದ ಅಂಚನ್ನು ಹಿಡಿದು ಅದರ ಎಲ್ಲ ಸಂದಿಗೂ ತೋರಿಸಿದರು, ಗಾಲಿ ತಿರುಗಿಸಿದರು, ಮತ್ತೆ ತೋರಿಸಿದರು. ಎಲ್ಲಿಯೂ ಹಿಡಿಯಲಿಲ್ಲ. ಅವರ ಕಣ್ಣಲ್ಲಿ ನೀರು!

"ಯಾವನೋ ಧೋತ್ರದವರ ಕಷ್ಟ ತಿಳಿದಾವ ಮಾಡ್ಯಾನ್ರಿ," ಎಂದರು.

ನಾನು ಅವರ ಕಿವಿಯಲ್ಲಿ, "ಭಾವ, ಇದು ಹೆಂಗಸರ ಸೈಕಲ್ಲು! ದಂಡಿನಾಗಿನ ಯಾರೋ ದೊರೆಸಾನಿ ಬಿಟ್ಟು ಹೋದದ್ದು," ಎಂದೆ.

"ಆದ್ರೇನಾತು? ಅವ್ರೂ ಕೆಳಗ ಗಾಳಿಗೆ ಹಾರೋ ಅರಿವಿ ಉಡ್ತಾರ. ನಾನೂ ಉಡ್ತೀನಿ. ದೊರೆಗೋಳಿಗೆ ಎಲ್ಲಿ ತಿಳೀಬೇಕು ಇದು!"

ಇನ್ನೇನು ಮುಗಿಯಿತು ಎನ್ನುವಾಗ ಭಾವನವರ ಕೈ ಪೀಠದ ಮೇಲೆ ಬಿತ್ತು. ಚರ್ಮ! ದನದ ಚರ್ಮ! ನಾನು ತಲೆ ಚಚ್ಚಿಕೊಂಡೆ. ಭಾವನವರಿಗೆ ಮಾತ್ರ ಉಪಾಯ ಸಿದ್ಧವಿತ್ತು. ಅಜ್ಜನ ಕಾಲದ ಕೃಷ್ಣಾಜಿನ, ಜಪಕ್ಕೆ ಕೂರುವ ಜಿಂಕೆಯ ಚರ್ಮ, ಅಟ್ಟದ ಮೇಲಿತ್ತು. ಅದನ್ನು ಪೀಠಕ್ಕೆ ಹೊದಿಸಿದರೆ ಮೈಲಿಗೆಯೆಲ್ಲ ಕೆಳಗೆ, ಮಡಿಯೆಲ್ಲ ಮೇಲೆ. ಹೀಗೆ ರುಮಾಲು, ಕೋಟು, ಶಲ್ಯದೊಂದಿಗೆ ಕೃಷ್ಣಾಜಿನದ ಮೇಲೆ ಆಸೀನರಾಗಿ ಅವರು ಕುರುಗೋಡಿಗೆ ಹೊರಟರು. ಮಂಗಳವಾರ, ಬುಧವಾರ ಉತ್ತರಕ್ಕೆ ಶೂಲೆ, ಆ ದಿಕ್ಕಿಗೆ ಹೊರಟರೆ ಕೇಡು ಎಂದು ಮೊದಲು ದಕ್ಷಿಣಕ್ಕೆ ಹಲಕುಂದಿಯ ದಾರಿಯಲ್ಲಿ ನೂರು ಮಾರು ಹೋಗಿ, ಶೂಲೆಯನ್ನು ಏಮಾರಿಸಿ, ಆಮೇಲೆ ಉತ್ತರಕ್ಕೆ ತಿರುಗುವುದು. ದಾರಿಯಲ್ಲಿ ಹೊಲಕ್ಕೆ ಹೊರಟ ಹೆಂಗಸರು ಯಾರೋ ಹೊಸ ಸ್ವಾಮಿಗಳೆಂದು ಅಡ್ಡಬಿದ್ದರಂತೆ. "ಇಳಿದ್ರ ತಡ ಆಗ್ತದ ಅಂತ ಹಾಂಗೇ ಆಶೀರ್ವಾದ ಮಾಡಿದೆ," ಎಂದರು!

ನಗುವವರಿಗೆ ಏನು ಕಡಿಮೆ? ಬಳ್ಳಾರಿಯಿಡೀ ನಕ್ಕಿತು. ಕಚೇರಿಯಲ್ಲಿ ನನ್ನನ್ನು "ದೊರೆಸಾನಿಯವರ ತಮ್ಮ" ಎಂದು ಕರೆದರು. ನಾನು ಬೇರೆ ಊರಿಗೆ ವರ್ಗ ಕೇಳಲು ಅರ್ಜಿಯನ್ನೂ ಬರೆದೆ. ಆದರೆ ಒಂದು ಮಾತು ಹೇಳಬೇಕು. ಬೆಳಿಗ್ಗೆ ಏಳಕ್ಕೆ ಭಾವ ಉಂಡು ಹೋಗುತ್ತಿದ್ದರು, ಸಂಜೆ ದೀಪ ಹಚ್ಚಿ ಸ್ವಲ್ಪ ಹೊತ್ತಿಗೆ ಬಂದು ಉಣ್ಣುತ್ತಿದ್ದರು. ಅವರ ಹಿಂದೆಯೇ ಅಕ್ಕ ಉಣ್ಣುತ್ತಿದ್ದಳು. ಎರಡು ತಿಂಗಳಿಗೆ ಅವಳ ಬಳೆ ಮುಂಗೈಯಲ್ಲಿ ನಿಲ್ಲತೊಡಗಿತು. ಅರ್ಜಿ ನನ್ನ ಪೆಟ್ಟಿಗೆಯಲ್ಲೇ ಉಳಿಯಿತು.

ಭಾವನವರು ಧೋತ್ರದ ಯೋಚನೆ ಮಾಡಿದ್ದರು, ಮಡಿಯ ಯೋಚನೆ ಮಾಡಿದ್ದರು, ಶೂಲೆಯ ಯೋಚನೆಯನ್ನೂ ಮಾಡಿದ್ದರು. ಕಾಲ ಕೆಳಗಿನ ನೆಲದ ಯೋಚನೆಯನ್ನು ಮಾತ್ರ ಮಾಡಿರಲಿಲ್ಲ! ನಮ್ಮದು ಎರೆಭೂಮಿ. ಒಂದು ಮಳೆ ಬಿದ್ದರೆ ಸಾಕು, ಹೆಜ್ಜೆಗೆ ಒಂದು ಸೇರು ಮಣ್ಣು ಕಾಲಿಗೆ ಹತ್ತುತ್ತದೆ. ಆಶ್ವಯುಜದ ಒಂದು ಸಂಜೆ ಅಂಥ ಮಳೆ ಬಂತು. ಧೋತ್ರವನ್ನು ಕಾಯುತ್ತಿದ್ದ ಆ ಬಲೆಯಲ್ಲೇ ಕರಿಮಣ್ಣು ತುಂಬಿತು, ಸರಪಳಿಯ ಮುಚ್ಚಳದ ಒಳಗೆ ಹೊಕ್ಕು ಗಟ್ಟಿಯಾಯಿತು. ಗಾಲಿಗಳು ತಿರುಗಲೇ ಇಲ್ಲ. ಭಾವನವರು ದಾರಿಯ ನಡುವೆ, ನಾವು ಮನೆಯಲ್ಲಿ.

ಅಕ್ಕ ಉಣ್ಣಲಿಲ್ಲ. ನಾನು ಬೇಡಿಕೊಂಡೆ, ಬೈದೆ, ಕಾಲಿಗೂ ಬಿದ್ದೆ. ಬೆಳಗಾಗಿ ಅಂಗಳಕ್ಕೆ ನೀರು ಹಾಕಲು ಎದ್ದವಳು ಹೊಸ್ತಿಲಲ್ಲಿ ಕಣ್ಣು ಕತ್ತಲಿಟ್ಟು ಕುಸಿದಳು. ಎತ್ತಿ ಒಳಗೆ ಮಲಗಿಸಿದೆ. ಎಷ್ಟು ಹಗುರವಾಗಿದ್ದಳೆಂದು ಆಗ ನನಗೆ ತಿಳಿಯಿತು.

ಬಿಸಿಲೇರುವ ಹೊತ್ತಿಗೆ ಭಾವನವರು ಬಂದರು. ಸೊಂಟದವರೆಗೆ ಕೆಸರು. ರುಮಾಲಿಲ್ಲ, ಹೆಗಲ ಮೇಲೆ ಸೈಕಲ್ಲು. ಅದನ್ನು ಅಂಗಳದಲ್ಲಿ ಎಸೆದು ಅಕ್ಕನ ಬಳಿ ಹೋದರು.

"ಉಂಡಿ?" ಎಂದು ಕೇಳಿದರು.

ಅಕ್ಕ ಕಣ್ಣು ತೆರೆದು, "ನೀವು?" ಎಂದಳು.

"ಇಲ್ಲ."

ಭಾವನವರು ಬಾವಿಗೆ ಹೋಗಿ ನಾಲ್ಕು ಕೊಡ ತಲೆಯ ಮೇಲೆ ಸುರಿದುಕೊಂಡು, ಮಡಿಯುಟ್ಟು ಬಂದು, ನಾನು ಮಾಡಿಟ್ಟಿದ್ದ ಅನ್ನ ಸಾರನ್ನು ಒಂದು ಎಲೆಗೆ ತಾವೇ ಬಡಿಸಿದರು. ಅಕ್ಕನನ್ನು ಹಿಡಿದೆಬ್ಬಿಸಿ ಎಲೆಯ ಮುಂದೆ ಕೂರಿಸಿದರು.

"ಏನ್ರಿ ಇದು? ನಿಮ್ಮ ಊಟ ಆಗಿಲ್ಲ," ಎಂದು ಅಕ್ಕ ಹಿಂದಕ್ಕೆ ಸರಿದಳು.

"ಇನ್ನ ಮ್ಯಾಲ ನೀ ಉಂಡ ಎಲಿಮ್ಯಾಲ ನಾ ಉಣ್ತೀನಿ. ನೀ ಉಣ್ಣೂತನಕ ನಾ ಉಣ್ಣಂಗಿಲ್ಲ. ದಾರಿಯಾಗ ಸಿಕ್ಕೊಂಡಿರ್ಲಿ, ಕುರುಗೋಡಿನಾಗಿರ್ಲಿ, ದೀಪ ಹಚ್ಚಿದ ಮ್ಯಾಲ ನೀ ಉಂಡೇ ಇರ್ತಿ ಅಂತ ನಂಬಿ ನಾ ಉಣ್ತೀನಿ. ನೀ ಉಣ್ಣದಿದ್ರ ನನ್ನ ಆಣಿ ಮುರೀತದ. ದೇವ್ರ ಮುಂದ ಹೇಳಿ ಬಂದೀನಿ."

"ಪಾಪ ಬರ್ತದ್ರಿ!"

"ಬಂದ್ರ ನನಗ ಬರ್ಲಿ. ನಿನ್ನೆ ಮುಂಜಾನಿ ಉಂಡಾವ, ಹಸ್ದೀನಿ. ನನ್ನ ಇನ್ನೂ ಕಾಯಿಸ್ತೀಯೇನು?"

ಅಕ್ಕ ಅಳುತ್ತ ಉಂಡಳು. ಅವಸರವಸರವಾಗಿ ಉಂಡಳು, ಗಂಡ ಹಸಿದಿದ್ದಾರೆಂದು. ಅವಳು ಎದ್ದ ಮೇಲೆ ಭಾವನವರು ಆ ಎಲೆಯ ಮುಂದೆ ಕೂತರು. ಬೀದಿಯಲ್ಲಿ ಯಾರೋ ಮಾತಾಡಿಕೊಂಡು ಬರುತ್ತಿದ್ದರು. ಇದು ಮಠದವರ ಕಿವಿಗೆ ಬಿದ್ದರೆ ನಮ್ಮನ್ನು ಪಂಕ್ತಿಗೆ ಸೇರಿಸುವವರಿರಲಿಲ್ಲ. ಇಷ್ಟು ದಿನ ಊರವರ ಬಾಯಿಗೆ ಹೆದರಿದ್ದ ನಾನು ಎದ್ದು ಹೋಗಿ ಮುಂಬಾಗಿಲು ಹಾಕಿ, ಅಗಳಿ ಜಡಿದು, ಅದಕ್ಕೆ ಬೆನ್ನು ಕೊಟ್ಟು ನಿಂತೆ. ಆಮೇಲೆ ಅಕ್ಕ ಹನ್ನೊಂದು ತಿಂಗಳು ಬದುಕಿದ್ದಳು. ಒಂದು ಹೊತ್ತೂ ಊಟ ತಪ್ಪಿಸಲಿಲ್ಲ.

ಅಂದು ಮಧ್ಯಾಹ್ನ ಭಾವನವರು ಅಂಗಳದಲ್ಲಿ ಕೂತು ಕಡ್ಡಿಯಿಂದ ಸೈಕಲ್ಲಿನ ಮಣ್ಣು ಕೆರೆಯುತ್ತಿದ್ದರು. ನನಗೆ ತಡೆಯಲಾಗಲಿಲ್ಲ. "ಭಾವ, ಈ ಮಾತನ್ನ ಮೊದಲನೇ ದಿನಾನ ಹೇಳಿದ್ರ ಮುಗೀತಿತ್ತಲ್ರೀ! ಈ ದೊಡ್ಡ ಗಾಲಿ, ಮೂರು ಗಾಲಿ, ದೊರೆಸಾನಿ ಸೈಕಲ್ಲು, ಊರ ಮಂದಿ ನಗಿ, ಇದೆಲ್ಲಾ ಯಾಕ ಬೇಕಿತ್ತು? ಇನ್ನ ಇದನ್ನ ಮಾರಿಬಿಡ್ರಿ. ಕುರುಗೋಡಿನಾಗ ಆರಾಮ ಇರ್ರಿ."

ಅವರು ತಲೆ ಎತ್ತಲಿಲ್ಲ. "ಆಕಿ ಉಣ್ಣಲಿಕ್ಕ ಇಷ್ಟ ಸಾಕಿತ್ತು ಖರೆ," ಎಂದರು. "ಆದ್ರ ದಿನಾ ಸಂಜಿಗೆ ನಾ ಆಕೀನ್ನ ನೋಡಬೇಕಲ್ಲಪಾ. ಅದಕ್ಕ ಯಾವ ಉಪಾಯ ಅದ?"

ನಾನು ಒಂದು ಕಡ್ಡಿ ಮುರಿದುಕೊಂಡು, ಅವರ ಎದುರಿಗೆ ಕೂತು, ಆಚೆ ಮಗ್ಗುಲಿನ ಬಲೆಯ ಮಣ್ಣು ತೆಗೆಯತೊಡಗಿದೆ.